ಎರಡನೇ ರಕ್ತ

ಒಂದು ಸಲ ತೆಗೆದ ರಕ್ತದಿಂದ ಖಚಿತವಾಗಿ ಏನೂ ಹೇಳಲಾಗುತ್ತಿರಲಿಲ್ಲ. ಜ್ವರ ಏರಿದಾಗ ಒಮ್ಮೆ, ಎರಡು ಮೂರು ವಾರ ಕಳೆದ ಮೇಲೆ ಇನ್ನೊಮ್ಮೆ ತೆಗೆಯಬೇಕು. ಮೊದಲನೆಯದಕ್ಕಿಂತ ಎರಡನೆಯದರಲ್ಲಿ ವೈರಸ್ಸಿನ ವಿರುದ್ಧದ ಪ್ರತಿರೋಧ ಹೆಚ್ಚಿದ್ದರೆ ಮಾತ್ರ ಇದೇ ಕಾಯಿಲೆ ಎನ್ನಬಹುದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನಾಲೆ ಬಯಲಿನ ಹಳ್ಳಿಗಳಿಂದ ಸುಡುವ ಜ್ವರದ ಮಕ್ಕಳನ್ನು ಹೊತ್ತು ತರುತ್ತಿದ್ದರು. ಮೈ ಸೆಟೆದಿರುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿರುತ್ತಿತ್ತು. ಮೆದುಳು ಜ್ವರ ಎನ್ನುತ್ತಿದ್ದೆವು. ನಮ್ಮ ಕಡೆ ಅದುವರೆಗೆ ಯಾರೂ ಪತ್ತೆ ಮಾಡದಿದ್ದ ವೈರಸ್ ಇದರ ಹಿಂದಿದೆ ಎಂದು ನಮ್ಮ ಡಾಕ್ಟರಿಗೆ ಅನುಮಾನ. ಪರೀಕ್ಷೆ ನಮ್ಮಲ್ಲಿ ಆಗುತ್ತಿರಲಿಲ್ಲ. ರಕ್ತದ ತಿಳಿಭಾಗವಾದ ಸೀರಮ್ ಬೇರ್ಪಡಿಸಿ, ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು, ರೈಲಿನಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದೆವು.

ಎರಡನೇ ರಕ್ತ ಸಿಗುವುದೇ ಅಪರೂಪ. ಕೆಲವು ಮಕ್ಕಳು ಅಷ್ಟು ದಿನ ಉಳಿಯುತ್ತಿರಲಿಲ್ಲ. ಉಳಿದ ಮಕ್ಕಳನ್ನು ಮನೆಗೆ ಕರೆದೊಯ್ದವರು ಮತ್ತೆ ನಮ್ಮತ್ತ ತಲೆ ಹಾಕುತ್ತಿರಲಿಲ್ಲ.

ಮಳವಳ್ಳಿ ರಸ್ತೆಯ ಹಳ್ಳಿಯೊಂದರ ಹುಡುಗಿ ಉಳಿದಿದ್ದಳು. ಜ್ವರ ಬಿಟ್ಟಿತ್ತು, ಮಾತು ಹೋಗಿತ್ತು. ತಾಯಿಯಿಲ್ಲದ ಮಗುವನ್ನು ಸಾಕಿದವರು ಅಜ್ಜಿ. ಡಾಕ್ಟರು ಹೇಳಿದ್ದರಿಂದ ನಾನೇ ಮಂಡ್ಯದ ಗುತ್ತಲಿನ ನನ್ನ ಮನೆಯಿಂದ ಹೊರಟು, ಸೂಜಿಯಿದ್ದ ಚೀಲವನ್ನು ಹೆಗಲಿಗೆ ಹಾಕಿ, ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. "ಕಾಫಿ ತುಂಬ್ಸ್ಕಂಡ್ ಒಂಟವ್ರೆ, ನಮ್ಗೂ ಒಂದ್ ಗುಟುಕು ಬುಡಿ ಸಾ" ಎಂದ ಕಂಡಕ್ಟರು. ನಕ್ಕೆ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಜಗಲಿಯ ಮೇಲೆ ಮೊಮ್ಮಗಳನ್ನು ಒರಗಿಸಿಕೊಂಡಿದ್ದ ಅಜ್ಜಿ ನನ್ನನ್ನು ನೋಡಿ, "ಬಂತು ನೋಡವ್ವ, ದೊಡ್ ಸೊಳ್ಳೆ" ಎಂದರು. ಹುಡುಗಿಯ ತುಟಿ ಒಂದೇ ಕಡೆ ಸ್ವಲ್ಪ ಎದ್ದಿತು.

ಬಂದ ಕೆಲಸ ಹೇಳಿದೆ. ಅಜ್ಜಿ ತಲೆಯಾಡಿಸಿದರು.

"ಅಮ್ಮ ಮೈಮ್ಯಾಲವ್ಳೆ ಕಣಪ್ಪ. ಒಗ್ಗರಣೆನೂ ಆಕಿಲ್ಲ ನಾವು. ಮಂಗಳ್ವಾರ ಮೊಸರನ್ನ ಎಡೆ ಇಕ್ಕಿ ತಂಪು ಮಾಡ್ತೀವಿ, ಆಮ್ಯಾಕೆ ಬಾ. ಅಲ್ಲೀಗಂಟ ಕಬ್ಣ ಮುಟ್ಟುಸ್ಬಾರ್ದು."

ಮಂಗಳವಾರದ ಮೇಲೆ ತೆಗೆದಿದ್ದರೂ ನಡೆಯುತ್ತಿತ್ತು. ಆದರೆ "ಆಮೇಲೆ ಬಾ" ಎಂದ ಮನೆಗಳಿಗೆ ಆಮೇಲೆ ಹೋದಾಗ ಮಗುವನ್ನು ನೆಂಟರ ಊರಿಗೆ ಕಳಿಸಿರುತ್ತಿದ್ದರು. ಇವತ್ತೇ ಆಗಬೇಕು ಎಂದೆ.

"ತಗುದ್ರೆ ಮಾತು ಬಂದದಾ?"

"ಯಾವ ಕಾಯಿಲೆ ಅಂತ ಗೊತ್ತಾಗ್ತದೆ ಅಜ್ಜಿ. ಗೊತ್ತಾದ್ರೆ ಒಳ್ಳೇದಲ್ವಾ?"

ಅದು ಸುಳ್ಳಲ್ಲ. ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಮಾತು ಮರಳುವುದು ಕಷ್ಟ ಎಂದು ಡಾಕ್ಟರು ನನ್ನ ಬಳಿ ಆಗಲೇ ಹೇಳಿದ್ದರು. ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಅಜ್ಜಿ ಒಳಗೆ ಹೋಗಿ ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ತಂದರು. ತಪ್ಪುಕಾಣಿಕೆ. ಅದನ್ನು ಹುಡುಗಿಯ ತಲೆಗೆ ಮುಟ್ಟಿಸಿ, ತೊಲೆಗೆ ಕಟ್ಟಿ, "ತಪ್ಪು ನಂದು ಕಣವ್ವ, ಮಗೀಂದಲ್ಲ" ಎಂದರು. ಆಮೇಲೆ ಮೊಮ್ಮಗಳ ಎಡಗೈಯನ್ನು ತಾವೇ ಹಿಡಿದುಕೊಟ್ಟರು. ಹುಡುಗಿ ಬಾಯಿ ತೆರೆದು ಅತ್ತಳು. ದನಿ ಬರಲಿಲ್ಲ.

ಬೆಂಗಳೂರಿನಿಂದ ಫಲಿತಾಂಶ ಬಂದ ದಿನ ಡಾಕ್ಟರು ಲ್ಯಾಬಿಗೇ ಬಂದು ನನ್ನ ಬೆನ್ನು ತಟ್ಟಿದರು. "ಜೋಡಿ ಸಿಕ್ತು ಕಣಯ್ಯ! ಅದೇ ವೈರಸ್ಸು!" ನನಗೂ ಸಂತೋಷವಾಯಿತು. ಅದನ್ನು ಬಚ್ಚಿಡಲಾರೆ. ಆ ಹಳ್ಳಿಗಳಿಗೆ ಸೊಳ್ಳೆ ಔಷಧಿ ಹೊಡೆಯುವವರು ಹೋದರು. ಅಜ್ಜಿಗೆ ಫಲಿತಾಂಶ ಹೇಳಿ ಬರೋಣವೆಂದು ನಾನೂ ಹೋದೆ.

ಬಾಗಿಲ ಬೇವು ಒಣಗಿತ್ತು. ತೊಲೆಯಲ್ಲಿ ಈಗ ಹಳದಿ ಗಂಟುಗಳ ಸಾಲೇ ಇತ್ತು. ಕಾಯಿಲೆ ಯಾವುದೆಂದು ಹೇಳಿದೆ. ಅಜ್ಜಿ ಕೇಳಿಸಿಕೊಂಡರು.

"ತಂಪು ಮಾಡೋ ಮುಂಚೆ ಕೈ ಕೊಟ್ನಲ್ಲ, ಅದ್ಕೇ ಅಮ್ಮ ಮಾತು ಇಟ್ಕಂಡ್ಬುಟ್ಳು. ವಾರ ವಾರ ಕಾಣ್ಕೆ ಕಟ್ತಾವ್ನಿ."

ನನಗೆ ತಡೆಯಲಾಗಲಿಲ್ಲ. ಸೂಜಿಯಿಂದ ಅಲ್ಲ ಅಜ್ಜಿ, ಜ್ವರದಲ್ಲೇ ಮೆದುಳಿಗೆ ಪೆಟ್ಟಾಗಿತ್ತು, ಮಾತು ಬರೋದು ಕಷ್ಟ ಅಂತ ಡಾಕ್ಟರು ಹೇಳಿದ್ದರು ಎಂದೆ.

"ಯಾವಾಗ ಯೋಳಿದ್ರು?"

"ನಾನು ಆವತ್ತು ಬರೋ ಮುಂಚೆ."

ಅವರು ಸೆರಗಿನಿಂದ ಹುಡುಗಿಯ ಬಾಯಿ ಒರೆಸಿದರು. "ಆವತ್ತೇ ಯೋಳಿದ್ರೆ ನಾನು ಕೈ ಕೊಡ್ತಿರ್ನಿಲ್ಲ. ಅದ್ಕೇ ನೀನು ಯೋಳ್ನಿಲ್ಲ." ಬೈಯಲಿಲ್ಲ. ಲೆಕ್ಕ ಸರಿಯಾಯಿತೇ ಎಂದು ನೋಡುವವರ ದನಿ ಅದು.

ಆ ಗಂಟುಗಳನ್ನು ಬಿಚ್ಚಿಬಿಡಿ ಎಂದೆ.

"ಕಟ್ಟಿದ್ ಕಾಣ್ಕೆ ಬಿಚ್ಚಾಂಗಿಲ್ಲ. ಇರ್ಲಿ ಬುಡು. ಯಾರ್ ತಪ್ಪು ಅಂತ ಅಮ್ಮಂಗೆ ಗೊತ್ತು."

ಏಳಲು ಚೀಲ ಎತ್ತಿಕೊಂಡೆ. ಅದರಲ್ಲಿ ಈ ಸಲ ಸೂಜಿಯಾಗಲಿ ಫ್ಲಾಸ್ಕಾಗಲಿ ಇರಲಿಲ್ಲ. ಚೀಲ ಕಂಡ ಹುಡುಗಿ, ಯಾರೂ ಕೇಳದಿದ್ದರೂ, ಮುಖ ಅತ್ತ ತಿರುಗಿಸಿ ಎಡಗೈಯನ್ನು ಮುಂದೆ ಚಾಚಿದಳು.