ಅಣ್ಣಮ್ಮ ಹುಡುಕಿ ಹೋದ ಮೃಗ

ಕಾಫಿ ತೋಟದ ಕೂಲಿಯವರ ಲೈನ್‌ಮನೆಗೆ ಹಕ್ಕುಪತ್ರ ಕೊಡಿ ಅಂತ ಮೂಡಿಗೆರೆ ತಾಲ್ಲೂಕು ಕಚೇರಿ ಬಾಗಿಲಿಗೆ ಅಡ್ಡ ಮಲಗಿದವಳು ಗೋಣಿಬೀಡಿನ ಅಣ್ಣಮ್ಮ. ಪೊಲೀಸರು ಎತ್ತಲು ಬಂದರೆ, "ಎತ್ತಪ್ಪ, ನಿನ್ನ ಸೊಂಟ ಉಳುಕಿದ್ರೆ ನನ್ನ ಕೇಳಬ್ಯಾಡ" ಅಂದವಳು. ಅಂಥವಳನ್ನು ಎರಡು ವರ್ಷದಿಂದ ಒಂದು ಚಿರತೆ ಮರಿಯ ಚಿಂತೆ ಕೊರೆಯುತ್ತಿತ್ತು.

ಕಾಫಿ ಕುಯ್ಯುವ ಹೆಂಗಸರು ತೋಟಕ್ಕೆ ಕಾಲಿಡುವ ಮುಂಚೆ ಒಂದು ಕೂಗು ಹಾಕುತ್ತಾರೆ: "ಬಂದ್ವೋ... ದಾರಿ ಬಿಡೋ!" ಒಳಗಿರುವುದು ಆನೆಯೋ ಚಿರತೆಯೋ, ಹೆಸರು ಹೇಳುವಂತಿಲ್ಲ. ಅದು ದಾರಿ ಬಿಡುತ್ತದೆ. ಬಿಟ್ಟ ಮೇಲೆ ಅದರ ಬೆನ್ನು ಹತ್ತಬಾರದು. ಯಾವ ಸಾಹುಕಾರನ ಕರಾರಿಗಿಂತಲೂ ಗಟ್ಟಿ ಒಪ್ಪಂದ ಇದು. ಎರಡು ವರ್ಷದ ಹಿಂದೆ ಒಂದು ದಿನ ಅಣ್ಣಮ್ಮನ ಕೂಗಿಗೆ ತಾಯಿ ಚಿರತೆ ದಾರಿ ಬಿಟ್ಟಿತು. ಕಣ್ಣು ತೆರೆಯದ ಮರಿ ಗಿಡದ ಬುಡದಲ್ಲೇ ಉಳಿಯಿತು. ಅರಣ್ಯ ಇಲಾಖೆಯವರು ಕಾದರು, ತಾಯಿ ಬರಲಿಲ್ಲ. ಮರಿ ಮೃಗಾಲಯ ಸೇರಿತು.

"ನನ್ನ ಬಾಯಿಂದ ಅದರ ಕಾಡು ಹೋಯ್ತು. ಈಗ ಅದು ಚಿರತೆಯೋ, ಬೆಕ್ಕೋ?" ಇದೇ ಅವಳ ಕೊರಗು.

ಈ ಬೇಸಿಗೆಯಲ್ಲಿ ತಂಗಿಯ ಮಗಳು, ಹೈಸ್ಕೂಲಿನ ಕನ್ನಡ ಮೇಡಂ ರೇವತಿ, ಅವಳನ್ನು ಅಲ್ಲಿಗೆ ಕರೆದೊಯ್ದಳು. ಗೇಟಿನ ಬೋರ್ಡು ಓದಿ ಅಣ್ಣಮ್ಮ ನಿಂತಳು. "ದೇವಾಲಯ ಗೊತ್ತು. ಇದೇನೇ ಮೃಗಾಲಯ?"

"ಆಲಯ ಅಂದ್ರೆ ನೆಲೆ, ದೊಡ್ಡಮ್ಮ. ಮೃಗ ಅನ್ನೋದು ಸಂಸ್ಕೃತದಲ್ಲಿ ಹುಡುಕು ಅನ್ನೋ ಮೂಲದ್ದು ಅಂತಾರೆ. ಬೇಟೆಗಾರ ಹುಡುಕ್ಕೊಂಡು ಹೋಗೋದೇ ಮೃಗ. ಬೇಟೆಗೂ ಮೃಗಯಾ ಅಂತ ಹೆಸರುಂಟು."

"ಹಂಗಾದ್ರೆ ಇವತ್ತು ಬೇಟೆಗಾರ್ತಿ ನಾನೇ ಬಿಡು."

ಕಾವಲಿನವನು ಕೈ ತೋರಿದ. ಅವಳ ಚಿರತೆ ಬಂಡೆಯ ಮೇಲೆ ಮಲಗಿತ್ತು. ಜನ ಸಿಳ್ಳೆ ಹಾಕಿದರು, ಮೊಬೈಲ್ ಬೀಸಿದರು. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಟದ ದನಿ ತೆಗೆದಳು: "ಬಂದ್ವೋ... ದಾರಿ ಬಿಡೋ!"

ಜನ ಕಿಸಕ್ಕನೆ ನಕ್ಕರು. ಚಿರತೆ ಎದ್ದಿತು. ಅವಳನ್ನೇ ನೋಡಿತು. ಮೈಮೇಲಿನ ಚುಕ್ಕೆಗಳೆಲ್ಲ ಕದಲಿದವು, ಮರದಡಿಯ ಬಿಸಿಲು ನೆರಳೇ ಎದ್ದು ಹೊರಟ ಹಾಗೆ. ಅವಸರವಿಲ್ಲ, ಅಂಜಿಕೆಯಿಲ್ಲ, ಬಂಡೆ ಇಳಿದು ಬಿದಿರ ಮೆಳೆಯೊಳಗೆ ಸರಿದುಹೋಯಿತು. ಅಣ್ಣಮ್ಮ ಕಂಬಿ ಹಿಡಿದು ಆ ಮೆಳೆಯನ್ನೇ ನೋಡಿದಳು.

"ಕಣ್ಣು ಬಿಟ್ಟಿದ್ದೇ ಮನುಷ್ಯರ ಕೈಯಲ್ಲಿ. ಕಾಡಿನ ರೀತಿ ಯಾರು ಹೇಳಿಕೊಟ್ರೇ ಅದಕ್ಕೆ?"

ರೇವತಿ ಮೊಬೈಲ್ ಹೊರತೆಗೆದಳು. "ಇರು ದೊಡ್ಡಮ್ಮ, ಊಟ ಹಾಕುವಾಗ ಮತ್ತೆ ಬರುತ್ತಂತೆ. ಫೋಟೋ ತೆಗೀತೀನಿ."

"ಬ್ಯಾಡ, ನಡಿಯೇ." ಅಣ್ಣಮ್ಮ ಆಗಲೇ ತಿರುಗಿದ್ದಳು. "ಅದು ದಾರಿ ಬಿಟ್ಟಿದೆ."