ಹಾಲ್ ಟಿಕೆಟ್‌ಗೆ ಬೇಕಾದ ಮುಖ

ಕಾದ ಎಣ್ಣೆ ಸಿಡಿದು ಆ ಹುಡುಗಿಯ ಎಡಗೆನ್ನೆ ಸುಟ್ಟು ಸುಕ್ಕುಗಟ್ಟಿದ್ದು ಆರನೇ ವಯಸ್ಸಿನಲ್ಲಿ. ಈಗವಳಿಗೆ ಹದಿನಾರು. ಪರೀಕ್ಷೆಯ ಅರ್ಜಿಗೆ ಫೋಟೊ ಅಂಟಿಸಿ ಕೊಡಲು ಇಂದೇ ಕಡೆಯ ದಿನ. ಸ್ಟುಡಿಯೊದವನು ಯಾರೂ ಹೇಳದಿದ್ದರೂ ಎಂದಿನ ಅಭ್ಯಾಸದಂತೆ ಕಂಪ್ಯೂಟರಿನಲ್ಲಿ ಕಲೆಯನ್ನೆಲ್ಲ ಒರೆಸಿಹಾಕಿ, ಎಂಟು ಪ್ರತಿ ತೆಗೆದು, ಬೀಗುತ್ತ ಮುಂದಿಟ್ಟ. ಕೇಳದೆ ಮಾಡುವ ಇಂಥ ಉಪಕಾರ ಕಂಡರೆ ಯಾರಿಗಾದರೂ ಮೈಯೆಲ್ಲ ಉರಿಯುತ್ತದೆ. ಅವಳಿಗೋ ನಗು ಬಂತು.

"ಅಂಕಲ್, ಇವಳ್ಯಾರು? ಪರೀಕ್ಷೆ ಬರೆಯೋಳು ನಾನು. ಈ ಫೋಟೊ ಕೊಟ್ರೆ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿಬಿಡ್ತಾರೆ!"

"ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ ಕಣಮ್ಮಾ..."

"ಮೊದ್ಲು ನಾನು ನಾನಾಗಿ ಕಾಣ್ಬೇಕಲ್ಲ! ನನ್ನ ಕೆನ್ನೆ ವಾಪಸ್ ಕೊಡಿ."

ಅವನು ನಾಲಿಗೆ ಕಚ್ಚಿಕೊಂಡು ಮೊದಲಿನ ಚಿತ್ರ ತೆರೆದ. ಅವಳು ಪರದೆಯತ್ತ ಬಾಗಿ ನೋಡಿದಳು.

"ಮೂಗಿನ ಮೇಲಿನ ಆ ಮೊಡವೆ ಬೇಕಾದ್ರೆ ತೆಗೀರಿ ಅಂಕಲ್. ಅದು ನಾಳಿದ್ದು ಹೋಗೋದೇ."