ನರ್ಸಮ್ಮ ಹಂಚಿಕೊಟ್ಟ ಸಾಲು

ನರ್ಸಮ್ಮನ ಕನ್ನಡಕಕ್ಕೆ ಒಂದೇ ಕಡ್ಡಿ. ಮುರಿದ ಬದಿಗೆ ಬ್ಯಾಂಡೇಜ್ ಬಟ್ಟೆಯ ಪಟ್ಟಿ ಕಟ್ಟಿ, ಅದನ್ನು ಕಿವಿಯ ಹಿಂದೆ ಸುತ್ತಿಕೊಳ್ಳುತ್ತಿದ್ದರು. ರಿಪೇರಿ ಮಾಡಿಸಿ ಎಂದರೆ, ಕಣ್ಣು ಕಾಣುತ್ತಲ್ಲ, ಕಿವಿಗೇನು ಅವಸರ ಎನ್ನುತ್ತಿದ್ದರು. ಎಸ್ಟೇಟ್ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ದುಡಿದು, ನಿವೃತ್ತಿಯಾದ ಮೇಲೆ ಗೋಣಿಬೀಡಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ಜ್ವರವಿರಲಿ, ಜಗಳವಿರಲಿ, ನಮ್ಮ ಬೀದಿಯವರು ಮೊದಲು ತಟ್ಟುತ್ತಿದ್ದುದು ಅವರ ಕದವನ್ನೇ.

ಒಂದು ವರ್ಷ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ನನ್ನ ತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿದೆ, ಇನ್ನು ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ ಮೇಲೂ ನಾನು ಮಂಚ ಬಿಡಲಿಲ್ಲ. ಪಾದ ನೆಲಕ್ಕೆ ತಾಗಿದರೆ ಸಾಕು, ಏಣಿ ಜಾರಿದ ಸದ್ದು ಕಿವಿಗೆ ಬರುತ್ತಿತ್ತು. ಹೆಂಡತಿ ಬೈದಳು, ಅತ್ತಳು, ಕೊನೆಗೆ ಸುಮ್ಮನಾದಳು. ನಾನು ಫೋನಿನಲ್ಲಿ ಮುಳುಗಿದೆ.

ಫೋನಿನಲ್ಲಿದ್ದುದು ಅಮೆರಿಕದವರು ಆಡುವ ಫುಟ್‌ಬಾಲ್. ಬೆರಳಿನಿಂದ ಆಡುವ ಆಟವಲ್ಲ ಅದು. ಯಾರು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂದು ನಾವು ಮೊದಲೇ ಸೂಚನೆ ಕೊಟ್ಟಿಡಬೇಕು. ಸಂಜೆ ಕಂಪ್ಯೂಟರೇ ಪಂದ್ಯ ನಡೆಸುತ್ತದೆ. ಎದುರಾಳಿಗಳು ಮೊಟ್ಟೆಯಾಕಾರದ ಚೆಂಡನ್ನು ದೂರ ಒದೆಯುತ್ತಾರೆ. ನಮ್ಮವನೊಬ್ಬ ಅದನ್ನು ಹಿಡಿದು ಎದುರಾಳಿಗಳ ತುದಿಯ ಕಡೆಗೆ ವಾಪಸು ಓಡಬೇಕು, ಅವನನ್ನು ಕೆಡವಲು ನುಗ್ಗುವವರಿಗೆ ಉಳಿದವರು ಅಡ್ಡ ನಿಲ್ಲಬೇಕು. ನನ್ನ ಓಟಗಾರ ನಾಲ್ಕು ಹೆಜ್ಜೆ ಇಡುವುದರೊಳಗೆ ಮಕಾಡೆ ಬೀಳುತ್ತಿದ್ದ. ನಾನು ಅವನನ್ನು ಬೈದು, ಓಟಗಾರರನ್ನೇ ಬದಲಾಯಿಸುತ್ತ ಹೋದೆ.

ಕಾಲಿಗೆ ವ್ಯಾಯಾಮ ಮಾಡಿಸಲು ನರ್ಸಮ್ಮ ದಿನಾ ಸಂಜೆ ಬರುತ್ತಿದ್ದರು. ಮಂಡಿ ಮಡಿಸುತ್ತ, ಬಿಡಿಸುತ್ತ ಫೋನಿನೊಳಗೆ ಇಣುಕುತ್ತಿದ್ದರು. ಒಂದು ದಿನ ನನ್ನ ಬೈಗುಳ ಕೇಳಲಾಗದೆ ಬಾಯಿ ಬಿಟ್ಟರು.

"ಓಡೋನ್ನ ಯಾಕೆ ಬೈತೀಯ ಮಾರಾಯ? ಮುಂದಿರೋರ್ನ ನೋಡು. ಮೂರ್ನಾಲ್ಕು ಜನ ಒಬ್ಬನ ಮೇಲೇ ಬಿದ್ದಿದಾರೆ. ಉಳಿದೋರು ಸಲೀಸಾಗಿ ಬರ್ತಿದಾರೆ."

ನಿಜವೇ. ಹತ್ತಿರ ಬಂದವನನ್ನು ತಡೆಯಿರಿ ಎಂದು ಎಲ್ಲರಿಗೂ ಒಂದೇ ಸೂಚನೆ ಕೊಟ್ಟಿದ್ದೆ. ನರ್ಸಮ್ಮನ ತಾಯಿ ಅತ್ತಿಗುಂಡಿ ಕಡೆಯ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದವರು. ಅಲ್ಲಿ ಮೇಸ್ತ್ರಿ ಒಬ್ಬೊಬ್ಬರಿಗೂ ಒಂದೊಂದು ಸಾಲು ಹಂಚಿಕೊಡುತ್ತಾನೆ. ಹಣ್ಣು ಜಾಸ್ತಿ ಕಂಡಿತೆಂದು ಇನ್ನೊಬ್ಬರ ಗಿಡಕ್ಕೆ ಕೈ ಹಾಕುವಂತಿಲ್ಲ. ನಿನ್ನವರಿಗೂ ಹಾಗೇ ಹಂಚು ಎಂದರು ನರ್ಸಮ್ಮ. ಹಂಚಿದೆ. ತನ್ನ ಸಾಲಿಗೆ ಬಂದವನೇ ತನ್ನವನು ಎಂದಾದ ಮೇಲೆ ಓಟಗಾರ ಮೈದಾನದ ಅರ್ಧದವರೆಗೆ ಬರತೊಡಗಿದ. ಆಗ ಇನ್ನೊಂದು ಪದ್ಧತಿ ಹೇಳಿದರು. ತೋಟದಲ್ಲಿ ತನ್ನ ಸಾಲು ಮುಗಿಸಿದವಳು ಕೂರುವುದಿಲ್ಲ. ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಕೊಯ್ಯುತ್ತ ಅವಳಿಗೆ ಎದುರಾಗಿ ಬರುತ್ತಾಳೆ. ಅದನ್ನೂ ಸೂಚನೆಗೆ ಸೇರಿಸಿದೆ.

ಅದರ ಜೊತೆಗೇ ಒಂದು ಷರತ್ತು ಹಾಕಿದರು. ಓಟಗಾರ ಬೀಳದೆ ಆ ತುದಿ ಮುಟ್ಟಿದ ದಿನ ನಾನು ಎದ್ದು ಜಗುಲಿಯವರೆಗೆ ನಡೆಯಬೇಕು. ಆಗುವ ಮಾತಲ್ಲವೆಂದು ಒಪ್ಪಿಕೊಂಡೆ.

ಆಯಿತು. ಒಂದು ಸಂಜೆ ಅವನು ಬಿಟ್ಟ ಬಾಣದ ಹಾಗೆ ಓಡಿ ತುದಿ ಮುಟ್ಟಿಯೇಬಿಟ್ಟ. ನರ್ಸಮ್ಮ ನನ್ನ ಕಾಲು ಬಿಟ್ಟು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಕಂಪ್ಯೂಟರು ಓಟವನ್ನೇ ರದ್ದು ಮಾಡಿತು. ನಮ್ಮವನೊಬ್ಬ ತನ್ನ ಕೆಲಸ ಮುಗಿಸಿ, ಜೊತೆಗಾರನ ಸಹಾಯಕ್ಕೆಂದು ಹಿಂದಿರುಗಿ, ಎದುರಾಳಿಯನ್ನು ಬೆನ್ನ ಕಡೆಯಿಂದ ತಳ್ಳಿದ್ದ. ಆ ಆಟದಲ್ಲಿ ಅದು ಫೌಲ್.

"ಕೈ ಖಾಲಿಯಾದೋನು ಪಕ್ಕದವನಿಗೆ ಸಹಾಯ ಮಾಡಿದ್ರೆ ತಪ್ಪಂತಾ? ಇದೆಂಥ ಆಟ" ಎಂದು ನರ್ಸಮ್ಮ ಬಹಳ ಬೇಸರಪಟ್ಟರು. ನನಗೆ ಒಳಗೊಳಗೇ ನೆಮ್ಮದಿ. ಓಟ ಲೆಕ್ಕಕ್ಕಿಲ್ಲ ಎಂದಮೇಲೆ ಷರತ್ತೂ ಇಲ್ಲ ಎಂದೆ. ಅವರು ಕನ್ನಡಕದ ಪಟ್ಟಿ ಬಿಗಿ ಮಾಡಿಕೊಂಡು ನನ್ನನ್ನೇ ನೋಡಿದರು.

"ಅವರ ಲೆಕ್ಕದಲ್ಲಿ ಇಲ್ದೆ ಇರ್ಬಹುದು. ಅವ್ನು ಓಡಿದ್ದನ್ನ ನಾನೂ ನೋಡಿದೀನಿ, ನೀನೂ ನೋಡಿದೀಯ. ಏಳು."

ಕೈ ಕೊಡಲಿಲ್ಲ. ಬಾಗಿಲ ಬಳಿ ಹೋಗಿ ನಿಂತು ಕಾದರು. ಗೋಡೆ ಹಿಡಿದು, ಮೈಯೆಲ್ಲ ಬೆವತು, ನಾಚಿಕೆ ಬಿಟ್ಟು ಅಳುತ್ತ ನಾನು ಜಗುಲಿ ಮುಟ್ಟಿದೆ. ಹೆಂಡತಿ ಅಡಿಗೆಮನೆಯಿಂದ ಬಂದವಳು ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. ನರ್ಸಮ್ಮ ಮಾತ್ರ ಏನೂ ಆಗದವರಂತೆ, ನಾಳೆ ಗೇಟಿನವರೆಗೆ ಎಂದು ಹೇಳಿ ಮನೆಗೆ ಹೋದರು.

ಮರುದಿನ ಸೂಚನೆ ತಿದ್ದಿದೆ. ಕೆಲಸ ಮುಗಿದವನು ಹಿಂದಿರುಗದೆ ಮುಂದೆ ಓಡಬೇಕು. ತಂಡ ಗೆಲ್ಲತೊಡಗಿತು. ನರ್ಸಮ್ಮನಿಗೆ ಮಾತ್ರ ಆ ತಿದ್ದುಪಡಿ ಕೊನೆಯವರೆಗೂ ಹಿಡಿಸಲಿಲ್ಲ. ಸಹಾಯ ಮಾಡೋಕೆ ಈಗಾದ್ರೂ ಬಿಟ್ಟಿದಾರಾ ಎಂದು ಆಗಾಗ ವಿಚಾರಿಸುತ್ತಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ಮಲಗಿದ ನರ್ಸಮ್ಮ ಏಳಲಿಲ್ಲ. ಕಳಸದಿಂದ ಅವರ ತಂಗಿಯ ಮಕ್ಕಳು ಬಂದರು. ನಮ್ಮೂರಿನ ಸ್ಮಶಾನಕ್ಕೆ ಏರು ದಾರಿ. ಚಟ್ಟ ಎತ್ತುವಾಗ ಯಾರೋ ನನ್ನ ಭುಜ ಹಿಡಿದು, ಮುರಿದ ಕಾಲು ನಿಮ್ದು, ಹಿಂದಿನಿಂದ ನಿಧಾನಕ್ಕೆ ಬನ್ನಿ ಎಂದರು. ನಾನು ಮುಂದೆ ಹೋಗಿ ಹೆಗಲು ಕೊಟ್ಟೆ. ಏರು ಮುಗಿಯುವವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಕಾಲು ನೋಯಿತು. ನೋಯಲಿ, ಅದು ಅವರು ಕೊಟ್ಟ ಕಾಲು ಎಂದುಕೊಂಡು ನಡೆದೆ.